ಕೊಯ್ದದ್ದಾಯಿತು, ಕಟ್ಟುವವರು ಯಾರು?

ನನಗೆ ಕಂತೆ ಕಟ್ಟಲು ಬರುವುದಿಲ್ಲ. ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿಯೂ ಬರುವುದಿಲ್ಲ. ಕುಡುಗೋಲು ಕೊಟ್ಟರೆ ಹೇಗೋ ನಾಲ್ಕು ಹಿಡಿ ಕೊಯ್ದೇನು. ಕಟ್ಟುವ ಹೊತ್ತಿಗೆ ಮಾನ ಹೋಗುತ್ತದೆ. ಅಜ್ಜಿ ಒಂದು ಹಿಡಿ ಹುಲ್ಲು ತಿರುಚಿ, ಕೊಯ್ದು ಮಲಗಿಸಿದ ಪೈರಿನ ಅರಿಯ ಕೆಳಗೆ ತೂರಿಸಿ, ಮೊಣಕಾಲು ಊರಿ, ಎರಡು ತುದಿ ಹೊಸೆದು ಸಿಕ್ಕಿಸಿಬಿಡುತ್ತಿದ್ದಳು. ನಾನು ಕಟ್ಟಿದ್ದು ಮೆದೆ ಮುಟ್ಟುವ ಮೊದಲೇ ಬಿಚ್ಚಿಕೊಳ್ಳುತ್ತಿತ್ತು. "ನಿನ್ನ ಗಂಟೂ ನಿನ್ನ ಮಾತಿನ ಹಂಗೇ ಕಣೋ, ನಿಲ್ಲಲ್ಲ" ಅನ್ನುತ್ತಿದ್ದಳು.

ಆಮೇಲೆ ಕೊಯ್ಲು ಯಂತ್ರಗಳ ಚರಿತ್ರೆ ಓದಿದೆ. ಸ್ವಲ್ಪ ಸಮಾಧಾನವಾಯಿತು. ಕೊಯ್ಯುವುದನ್ನು ಕಲಿತ ಯಂತ್ರಕ್ಕೂ ಕಟ್ಟುವುದನ್ನು ಕಲಿಯಲು ಹತ್ತಿರ ಹತ್ತಿರ ಐವತ್ತು ವರ್ಷ ಬೇಕಾಯಿತಂತೆ.

ಹಳೇ ಕಾಲದ ಗಾಲ್ ಸೀಮೆಯವರು, ಅಂದರೆ ಈಗಿನ ಫ್ರಾನ್ಸ್, ಬೆಲ್ಜಿಯಂ ಕಡೆಯವರು, ಈ ತಲೆನೋವೇ ಬೇಡವೆಂದು ತೆನೆ ಮಾತ್ರ ಕಿತ್ತುಕೊಂಡರು. ಎರಡು ಚಕ್ರದ ಮೇಲೆ ಒಂದು ದೊಡ್ಡ ಪೆಟ್ಟಿಗೆ. ಅದರ ಮುಂದಿನ ಅಂಚಿಗೆ ಬಾಚಣಿಗೆಯ ಹಾಗೆ ಹಲ್ಲು. ಎತ್ತನ್ನು ಹಿಂದೆ ಕಟ್ಟಿ ಪೈರಿನೊಳಗೆ ತಳ್ಳಿಸಿದರೆ ತೆನೆ ಕಿತ್ತು ಪೆಟ್ಟಿಗೆಗೇ ಬೀಳುತ್ತಿತ್ತು. ಕೀಳುವುದೂ ತುಂಬುವುದೂ ಒಟ್ಟಿಗೇ ಮುಗಿಯಿತು. ಮೊದಲನೇ ಶತಮಾನದಲ್ಲಿ ರೋಮ್‌ನ ಪ್ಲಿನಿ ಇದನ್ನು ಬರೆದಿಟ್ಟಿದ್ದಾನೆ. 1958ರಲ್ಲಿ ಬೆಲ್ಜಿಯಂನ ಬುಜೆನೋಲ್‌ನಲ್ಲಿ ಇದರ ಕೆತ್ತನೆಯಿದ್ದ ಕಲ್ಲೂ ಸಿಕ್ಕಿತು. ಅಜ್ಜಿಗೆ ಹೇಳಿದೆ. "ತೆನೆ ಅವರು ತಿಂದ್ರು, ಹುಲ್ಲನ್ನ ಹೊಲದಲ್ಲೇ ಬಿಟ್ರೆ ದನ ಏನು ತಿಂದ್ವು?" ಎಂದಳು. ನಮ್ಮ ಕಡೆ ಹುಲ್ಲೂ ಫಸಲೇ ಅಲ್ವಾ.

ನನಗೆ ಎಲ್ಲರಿಗಿಂತ ಇಷ್ಟವಾದವನು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಬೆಲ್. ಪಾದ್ರಿಯಾಗಲು ಓದುತ್ತಿದ್ದ ರೈತನ ಮಗ. 1820ರ ದಶಕದ ಕೊನೆಯಲ್ಲಿ ಯಂತ್ರ ಮಾಡಿದ. ಊರವರು ನಕ್ಕಾರು ಅಂತ ಹೊಲಕ್ಕೆ ಒಯ್ಯಲಿಲ್ಲ. ಕೊಟ್ಟಿಗೆಯೊಳಗೇ ಮಣ್ಣು ತುಂಬಿ, ಓಟ್ಸ್ ಕಡ್ಡಿಗಳನ್ನು ಒಂದೊಂದಾಗಿ ನೆಟ್ಟು, ಬಾಗಿಲು ಹಾಕಿಕೊಂಡು ಕೊಯ್ದು ನೋಡಿದ! ಯಂತ್ರ ಕೊಯ್ಯಿತು. ಆದರೆ ಕೊಯ್ದದ್ದೆಲ್ಲ ಅಡ್ಡಾದಿಡ್ಡಿ ಬಿದ್ದಿತ್ತು. ಹಾಗಾಗಿ ಉರುಳೆಗಳ ಮೇಲೆ ಓಡುವ ಕ್ಯಾನ್ವಾಸ್ ಪಟ್ಟಿ ಸೇರಿಸಿದ. ಅದು ಪೈರನ್ನು ಪಕ್ಕಕ್ಕೆ ಒಯ್ದು ಸಾಲಾಗಿ ಮಲಗಿಸಿತು. ನಮ್ಮ ಹೆಂಗಸರು ಅರಿ ಹಾಕುತ್ತಾರಲ್ಲ, ಹಾಗೆ. ಪೇಟೆಂಟ್ ಮಾತ್ರ ತೆಗೆದುಕೊಳ್ಳಲಿಲ್ಲ.

ಪೇಟೆಂಟು, ಕಾರ್ಖಾನೆ, ಹೆಸರು ಎಲ್ಲ ಮಾಡಿದವನು ಅಮೆರಿಕದ ಸೈರಸ್ ಮೆಕಾರ್ಮಿಕ್. 1831ರಲ್ಲಿ ವರ್ಜೀನಿಯಾದಲ್ಲಿ ಯಂತ್ರ ಓಡಿಸಿ ತೋರಿಸಿದ. ಅದನ್ನು ಮಾಡಲು ಕೈಜೋಡಿಸಿದ ಜೋ ಆಂಡರ್ಸನ್ ಆ ಮನೆಯ ಗುಲಾಮ. ಅವನ ಹೆಸರು ಜನರ ಬಾಯಿಗೆ ಬರಲು ತುಂಬ ಕಾಲ ಹಿಡಿಯಿತು. ಆ ಯಂತ್ರದ ಪಕ್ಕದಲ್ಲಿ ಒಬ್ಬ ನಡೆಯುತ್ತಾ ಪೈರನ್ನು ಕೆಳಗೆ ಎಳೆದು ಹಾಕಬೇಕಿತ್ತು. ಹಿಂದೆ ಐದಾರು ಜನ ಬಗ್ಗಿ ಕಟ್ಟಬೇಕಿತ್ತು. ಕುಡುಗೋಲು ಕೈಬಿಟ್ಟಿತು, ಸೊಂಟನೋವು ಅಲ್ಲೇ ಉಳಿಯಿತು.

1858ರಲ್ಲಿ ಇಲಿನಾಯ್‌ನ ಮಾರ್ಷ್ ಅಣ್ಣತಮ್ಮಂದಿರು ಪಟ್ಟಿಯ ಮೇಲೆ ಪೈರನ್ನೇ ಮೇಲಕ್ಕೆ ಹತ್ತಿಸಿದರು. ಯಂತ್ರದ ಮೇಲೆಯೇ ನಿಂತ ಇಬ್ಬರು ಸೊಂಟ ಬಗ್ಗಿಸದೆ ಕಂತೆ ಕಟ್ಟಿದರು. ಆದರೂ ಕಟ್ಟಿದ್ದು ಮನುಷ್ಯರ ಕೈಯೇ. ಆಮೇಲೆ 1870ರ ದಶಕದಲ್ಲಿ ತಂತಿಯಿಂದ ಕಟ್ಟುವ ಯಂತ್ರಗಳು ಬಂದವು. ತಂತಿಗೆ ಗಂಟು ಬೇಡ, ತಿರುಚಿದರೆ ಸಾಕು. ಆದರೆ ತಂತಿಯ ಚೂರು ಹುಲ್ಲಿನ ಜೊತೆ ದನದ ಹೊಟ್ಟೆಗೆ ಹೋಗುತ್ತದೆ, ಕಾಳಿನ ಜೊತೆ ಗಿರಣಿಗೆ ಬರುತ್ತದೆ ಎಂದು ರೈತರೂ ಗಿರಣಿಯವರೂ ಕೂಗಾಡಿದರು.

ಕೊನೆಗೆ ಗಂಟು ಹಾಕಿದವನು ವಿಸ್ಕಾನ್ಸಿನ್‌ನ ಜಾನ್ ಆಪಲ್‌ಬಿ. ಅವನ ಯಂತ್ರದಲ್ಲಿ ಹಕ್ಕಿಯ ಕೊಕ್ಕಿನಂಥ ಒಂದು ಪುಟ್ಟ ಕಬ್ಬಿಣ. ಹುರಿಯನ್ನು ಸುತ್ತಿಕೊಂಡು ಒಂದು ಸುತ್ತು ತಿರುಗುತ್ತದೆ. ಬಾಯಿ ತೆರೆದು ತುದಿ ಕಚ್ಚುತ್ತದೆ. ಮೈಮೇಲಿನ ಕುಣಿಕೆ ಜಾರಿ ಗಂಟಾಗುತ್ತದೆ. ಅಷ್ಟೇ! ಹದಿಹರೆಯದಲ್ಲಿ ಹೊಳೆದದ್ದು ಹೊಲಕ್ಕಿಳಿಯುವಾಗ ಅವನಿಗೆ ನಲವತ್ತರ ಹತ್ತಿರ. ಹುರಿಗೆ ಬೇಡಿಕೆ ಎಷ್ಟು ಬಂತೆಂದರೆ, ಮೆಕ್ಸಿಕೋದ ಯುಕಟಾನ್‌ನಲ್ಲಿ ಕತ್ತಾಳೆ ಜಾತಿಯ ನಾರಿನ ಗಿಡ ಬೆಳೆದ ಜಮೀನುದಾರರು ಮೆರಿಡಾ ಪಟ್ಟಣದಲ್ಲಿ ಅರಮನೆಯಂಥ ಮನೆ ಕಟ್ಟಿಕೊಂಡರು. ನಮ್ಮ ಬೇಲಿಯ ಕತ್ತಾಳೆ ನೋಡಿದಾಗೆಲ್ಲ ಸುಮ್ನೆ ಹೊಟ್ಟೆಕಿಚ್ಚಾಗುತ್ತದೆ.

ಹೋದ ವರ್ಷ ನಮ್ಮೂರ ಗದ್ದೆಬಯಲಿಗೆ ಭತ್ತದ ಹುಲ್ಲು ಸುತ್ತುವ ಮಷಿನ್ ಬಂತು. ಟ್ರ್ಯಾಕ್ಟರ್ ಹಿಂದೆ ಓಡುತ್ತಾ ದುಂಡನೆಯ ರೋಲುಗಳನ್ನು ಉದುರಿಸುತ್ತಾ ಹೋಯಿತು. ಎಂಬತ್ತು ದಾಟಿದ ಅಜ್ಜಿ ಕೋಲು ಊರಿಕೊಂಡು ಬಂದು ಒಂದು ರೋಲನ್ನು ಸುತ್ತಲೂ ತಡವಿದಳು. "ಗಂಟೆಲ್ಲೋ?" ನಾನೂ ಹುಡುಕಿದೆ. ಇರಲಿಲ್ಲ. ಡ್ರೈವರ್ ನಕ್ಕ. ಇದು ಹುರಿಯನ್ನು ಸುತ್ತಿ ಸುತ್ತಿ ಕತ್ತರಿಸಿಬಿಡುತ್ತದೆ, ಬಿಗಿ ಸುತ್ತಿನಲ್ಲೇ ನಿಲ್ಲುತ್ತದೆ, ಗಂಟು ಹಾಕುವುದಿಲ್ಲ ಎಂದ.

ಅಜ್ಜಿ ಮಷಿನ್ನನ್ನು ನೋಡಿದಳು, ನನ್ನನ್ನು ನೋಡಿದಳು.

"ಗಂಟಿಲ್ದೆ ಕಟ್ಟೋದಾದ್ರೆ ಇದಕ್ಯಾಕೆ ದುಡ್ಡು ಕೊಟ್ರಿ? ನೀನೇ ಕಟ್ತಿದ್ದಲ್ಲೋ."