ಬಸ್‌ಸ್ಟ್ಯಾಂಡಿನಲ್ಲೇ ಕಳಿಸಿಕೊಡಿ

ಮೈಸೂರಿನವರಿಗೆ ಒಂದು ಮಾತು ಹೇಳಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಮಂಡ್ಯ, ಚಾಮರಾಜನಗರದ ಕಡೆಯವರಿಗೂ ಸೇರುತ್ತದೆ. ಮಕ್ಕಳು ವಿದೇಶಕ್ಕೆ ಹೊರಟಾಗ ಮನೆಮಂದಿಯೆಲ್ಲ ಕಾರು ಹತ್ತಿ, ರಾತ್ರಿಯೆಲ್ಲ ನಿದ್ದೆಗೆಟ್ಟು, ದೇವನಹಳ್ಳಿಯ ಬೆಂಗಳೂರು ಏರ್‌ಪೋರ್ಟಿಗೆ ಹೋಗಿ ಬರಬೇಡಿ. ಇಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿಸಿ ಬನ್ನಿ. ಇದೇನು ಕಲ್ಲುಮನಸ್ಸು ಅನ್ನಿಸಬಹುದು. ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡು ಪ್ರತಿ ಸಲ ಹೋಗಿ ಬಂದವಳು.

ನನ್ನ ಮಗಳು ಇರುವುದು ಜರ್ಮನಿಯಲ್ಲಿ. ಆ ಕಡೆ ಹೋಗುವ ವಿಮಾನಗಳು ಹೆಚ್ಚಾಗಿ ಹೊರಡುವುದೇ ನಡುರಾತ್ರಿ ಮೇಲೆ. ಮೂರು ಗಂಟೆಯ ಫ್ಲೈಟು ಅಂದರೆ ಹನ್ನೆರಡಕ್ಕೆ ಅಲ್ಲಿರಬೇಕು. ನಮ್ಮ ಮನೆಯಿಂದ ಏರ್‌ಪೋರ್ಟಿಗೆ ಹತ್ತಿರ ಹತ್ತಿರ 185 ಕಿಲೋಮೀಟರ್. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಎಲ್ಲರೂ ಒಂದೂವರೆ ಗಂಟೆ ಸಾಕು ಅಂತಾರೆ. ಸರಿ, ಒಂದೂವರೆ ಗಂಟೆಗೆ ನೀವು ತಲುಪುವುದು ಕೆಂಗೇರಿ ಹತ್ತಿರಕ್ಕೆ. ವಿಮಾನ ನಿಲ್ದಾಣ ಇರುವುದು ಊರಿನ ಆ ತುದಿಯಲ್ಲಿ. ಅಲ್ಲಿಂದ ನೈಸ್ ರೋಡು, ತುಮಕೂರು ರಸ್ತೆ, ಗೊರಗುಂಟೆಪಾಳ್ಯ, ಬಿಇಎಲ್ ಸರ್ಕಲ್, ಆಮೇಲೆ ಹೆಬ್ಬಾಳ. ಸಂಜೆ ಹೊತ್ತಿನಲ್ಲಿ ಹೆಬ್ಬಾಳ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಹೀಗಾಗಿ ಆರು ಗಂಟೆಗೇ ಮನೆ ಬಿಡುತ್ತಿದ್ದೆವು. ಊಟ ಯಾರಿಗೂ ಸೇರುತ್ತಿರಲಿಲ್ಲ. ದಾರಿಯುದ್ದಕ್ಕೂ ಗಡಿಯಾರ ನೋಡುವುದೇ ಕೆಲಸ.

ಅಷ್ಟು ದೂರ ಹೋಗಿ ಸಿಗುವುದು ಎಷ್ಟು ಹೊತ್ತು ಗೊತ್ತಾ? ಐದು ನಿಮಿಷ. ಟಿಕೆಟ್ ಇದ್ದವರನ್ನು ಮಾತ್ರ ಒಳಗೆ ಬಿಡುತ್ತಾರೆ. ಬಾಗಿಲ ಮುಂದೆ ಗಾಡಿಯನ್ನು ಹೆಚ್ಚು ಹೊತ್ತು ನಿಲ್ಲಿಸುವ ಹಾಗಿಲ್ಲ. ಸೂಟ್‌ಕೇಸು ಇಳಿಸಿ, ಟ್ರಾಲಿ ತಂದು, ಪಾಸ್‌ಪೋರ್ಟ್ ಇದೆಯಾ ಅಂತ ಇನ್ನೊಂದು ಸಲ ಕೇಳಿ, ತಬ್ಬಿಕೊಳ್ಳುವಷ್ಟರಲ್ಲಿ ಹಿಂದಿನ ಗಾಡಿಯ ಹಾರನ್ನು. ಮನಸ್ಸಿನಲ್ಲಿದ್ದ ಮಾತು ಮನಸ್ಸಿನಲ್ಲೇ ಉಳಿಯುತ್ತಿತ್ತು.

ಆಮೇಲೆ ವಾಪಸ್ಸು. ನಾನು ಇಷ್ಟೆಲ್ಲ ಬರೆಯುತ್ತಿರುವುದೇ ಆ ವಾಪಸ್ಸು ಬರುವ ದಾರಿಯ ಸಲುವಾಗಿ.

2017ರ ನವೆಂಬರ್. ಬಾಡಿಗೆ ಇನ್ನೋವಾದಲ್ಲಿ ಹೋಗಿದ್ದೆವು. ನಾನು, ನಮ್ಮ ಯಜಮಾನರು, ಅತ್ತೆ, ನನ್ನ ತಮ್ಮ. ಮಗಳನ್ನು ಬಿಟ್ಟು ಹನ್ನೊಂದೂವರೆಗೆ ಹೊರಟೆವು. ಆಗ ಹಳೇ ರಸ್ತೆ. ಹಿಂದೆ ಕೂತಿದ್ದ ನಾವೆಲ್ಲ ಅತ್ತು ಸುಸ್ತಾಗಿ ಮಲಗಿಬಿಟ್ಟಿದ್ದೆವು. ಮದ್ದೂರು ಹತ್ತಿರ ದೊಡ್ಡ ಸದ್ದಾಯಿತು. ಕಣ್ಣು ಬಿಟ್ಟರೆ ಗಾಡಿ ಡಿವೈಡರ್‌ಗೆ ಉಜ್ಜಿಕೊಂಡು ಹೋಗುತ್ತಿದೆ, ಮುಂದೆ ಕೂತಿದ್ದ ತಮ್ಮ ಸ್ಟೇರಿಂಗ್ ಹಿಡಿದು ಎಳೆಯುತ್ತಿದ್ದಾನೆ. ಡ್ರೈವರ್ ಹುಡುಗ ನಿದ್ದೆಗೆ ಜಾರಿದ್ದ. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಬೆಳಕು ಹರಿಯುವವರೆಗೆ ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕೂತಿದ್ದೆವು. ಅತ್ತೆಯ ಕೈ ನಡುಗುವುದು ಬೆಳಗಿನವರೆಗೂ ನಿಂತಿರಲಿಲ್ಲ.

ಆ ಹುಡುಗ ಅವತ್ತೇ ಬೆಳಿಗ್ಗೆ ಇನ್ನೊಂದು ಡ್ರಾಪ್ ಮುಗಿಸಿ ಬಂದಿದ್ದ ಅಂತ ಟೀ ಕುಡಿಯುವಾಗ ಗೊತ್ತಾಯಿತು. ನಾವು ಬಾಡಿಗೆ ಎಷ್ಟು, ಟೋಲ್ ಸೇರಿಯೋ ಬಿಟ್ಟೋ, ಬಾಟಾ ಎಷ್ಟು ಅಂತ ಎಲ್ಲ ಕೇಳಿದ್ದೆವು. ನಿನ್ನೆ ರಾತ್ರಿ ಮಲಗಿದ್ದೀಯೇನಪ್ಪಾ ಅಂತ ಒಬ್ಬರೂ ಕೇಳಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಎರಡು ದಿನ ಕಣ್ಣು ಮುಚ್ಚದೆ ಗಾಡಿ ಓಡಿಸಿದರೇನೇ ಮನೆ ನಡೆಯುತ್ತದೆ ಅನ್ನುವ ಹುಡುಗರು ನಮ್ಮೂರಲ್ಲಿ ಎಷ್ಟು ಜನ ಇದ್ದಾರೆ. ಕೇಳಬೇಕಾದವರು ನಾವು.

ಅದಾದ ಮೇಲೆ ಯಜಮಾನರೇ ಓಡಿಸಲು ಶುರು ಮಾಡಿದರು. ಅವರಿಗೂ ಈಗ ಅರವತ್ತು ದಾಟಿದೆ. ಹೊಸ ರಸ್ತೆ ಚೆನ್ನಾಗಿದೆ, ಬೈಕು, ಆಟೋ, ಟ್ರ್ಯಾಕ್ಟರುಗಳನ್ನೂ 2023ರ ಆಗಸ್ಟ್‌ನಿಂದ ಅದರ ಮೇಲೆ ಬಿಡುತ್ತಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ನೇರವಾದ ಖಾಲಿ ರಸ್ತೆ ಅಂದರೆ ಜೋಗುಳ ಹಾಡಿದ ಹಾಗೆ. ರಾಮನಗರ ದಾಟುವಷ್ಟರಲ್ಲಿ ನಾನು ಅವರ ಕಣ್ಣನ್ನೇ ನೋಡುತ್ತಾ ಕೂತಿರುತ್ತಿದ್ದೆ. ಸುಮ್ನೆ ಏನಾದರೂ ಮಾತಾಡುತ್ತಲೇ ಇರಬೇಕು. ಅತ್ತ ಮಗಳು ವಿಮಾನ ಹತ್ತುವ ಮೊದಲು ನಾಲ್ಕು ಸಲ ಫೋನು ಮಾಡುತ್ತಿದ್ದಳು, ಮನೆ ತಲುಪಿದ್ರಾ, ಮನೆ ತಲುಪಿದ್ರಾ ಅಂತ. ಅವಳಿಗೂ ನೆಮ್ಮದಿ ಇಲ್ಲ, ನಮಗೂ ಇಲ್ಲ.

ಕೊನೆಗೆ ಅವಳೇ ಹೇಳಿದಳು, "ಅಮ್ಮಾ, ನಾನು ಫ್ಲೈಬಸ್ಸಲ್ಲಿ ಹೋಗ್ತೀನಿ, ನೀವ್ಯಾರೂ ಬರಬೇಡಿ" ಅಂತ. ಅತ್ತೆ ಒಪ್ಪಲೇ ಇಲ್ಲ. "ಮಗೂನ ರಾತ್ರಿ ಹೊತ್ತು ಒಬ್ಬಳನ್ನೇ ಬಸ್ಸಲ್ಲಿ ಕಳಿಸ್ತೀಯೇನೇ?" ಅಂತ ನನ್ನ ಮೇಲೆ ರೇಗಿದರು. ಮಗುವಿಗೆ ಮೂವತ್ತಾಗಿದೆ. ಇಲ್ಲಿಂದ ಜರ್ಮನಿಯವರೆಗೆ ಒಬ್ಬಳೇ ಹೋಗುವವಳು ದೇವನಹಳ್ಳಿಗೆ ಹೋಗಲಾರಳೇ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಮೈಸೂರಿನಿಂದ ನೇರ ಏರ್‌ಪೋರ್ಟಿಗೇ ಹೋಗುತ್ತದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತುವ ರಗಳೆ ಇಲ್ಲ. ಸೂಟ್‌ಕೇಸು ಬಸ್ಸಿನ ಹೊಟ್ಟೆಯೊಳಗೆ. ಒಬ್ಬರ ಟಿಕೆಟ್ಟು ಟ್ಯಾಕ್ಸಿ ಬಾಡಿಗೆಯ ಕಾಲು ಭಾಗದ ಆಸುಪಾಸು. ಅದಕ್ಕಿಂತ ದೊಡ್ಡದು, ನಿಮ್ಮವರನ್ನು ಬಿಟ್ಟು ಬರಲು ಯಾರೂ ಆ ದಾರಿಯನ್ನು ನಡುರಾತ್ರಿಯಲ್ಲಿ ಎರಡನೇ ಸಲ ಓಡಿಸಬೇಕಾಗಿಲ್ಲ. ಸೀಟು ಮೊದಲೇ ಬುಕ್ ಮಾಡಿ, ಮತ್ತೆ ಫ್ಲೈಟಿಗಿಂತ ಕನಿಷ್ಠ ಎಂಟು ಗಂಟೆ ಮೊದಲಿನ ಬಸ್ಸು ಹಿಡಿಯಿರಿ. ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡರೂ ಎದೆ ಹೊಡೆದುಕೊಳ್ಳುವುದಿಲ್ಲ.

ರೈಲಿನ ವಿಷಯಕ್ಕೆ ಬಂದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಏರ್‌ಪೋರ್ಟಿನ ಪಕ್ಕದಲ್ಲೇ ಯಲಹಂಕ–ದೇವನಹಳ್ಳಿ ರೈಲು ಹಳಿ ಹಾದುಹೋಗುತ್ತದೆ. ಅಲ್ಲೊಂದು ಪುಟ್ಟ ಹಾಲ್ಟ್ ಸ್ಟೇಷನ್ನೂ ಇದೆ. 2021ರ ಜನವರಿ 4ರಂದು ಅಲ್ಲಿಗೆ ಮೊದಲ ರೈಲು ಬಂತು, ಆಗ ಟಿಕೆಟ್ ಹತ್ತು–ಹದಿನೈದು ರೂಪಾಯಿ. ಆದರೆ ನಿಲ್ಲುವ ರೈಲುಗಳು ಕೆಲವೇ ಕೆಲವು. ಅಲ್ಲಿ ಕೆಲಸ ಮಾಡುವವರಿಗೆ ಅನುಕೂಲವಾದರೆ ಅದು ಒಳ್ಳೆಯದೇ, ಬೆಳಗಿನ ಶಿಫ್ಟಿಗೆ ಹೋಗುವವರ ಕಷ್ಟ ನಮ್ಮದಕ್ಕಿಂತ ಜಾಸ್ತಿ. ಆದರೆ ಮೈಸೂರಿನಿಂದ ಮೆಜೆಸ್ಟಿಕ್‌ವರೆಗೆ ಜೋಡಿ ಹಳಿ ಇದೆ, ಮೆಜೆಸ್ಟಿಕ್‌ನಿಂದ ಯಲಹಂಕದ ಮೇಲೆ ಆ ಹಾಲ್ಟ್‌ವರೆಗೂ ಹಳಿ ಇದೆ. ಸಂಜೆ ಮೈಸೂರು ಬಿಟ್ಟು ರಾತ್ರಿ ಹನ್ನೊಂದಕ್ಕೆ ಏರ್‌ಪೋರ್ಟಿನ ಪಕ್ಕ ನಿಲ್ಲುವ ಒಂದೇ ಒಂದು ರೈಲು, ಬೆಳಗಿನ ಜಾವ ಬಂದಿಳಿದವರನ್ನು ಮೈಸೂರಿಗೆ ತರುವ ಒಂದು ರೈಲು, ಟರ್ಮಿನಲ್‌ವರೆಗೆ ರಾತ್ರಿಯೂ ಓಡುವ ಒಂದು ಸಣ್ಣ ಬಸ್ಸು. ಇಷ್ಟನ್ನು ಕೇಳುವುದು ಅತಿಯಾಸೆಯೇ? ನಮ್ಮ ಸಂಸದರು, ಶಾಸಕರು ಯಾವ ಪಕ್ಷದವರಾದರೂ ಆಗಲಿ, ಇದನ್ನು ಕೇಳಬೇಕು. ಮೆಟ್ರೊದ ನೀಲಿ ಮಾರ್ಗಕ್ಕೆ 2021ರಲ್ಲೇ ಕೇಂದ್ರ ಒಪ್ಪಿಗೆ ಕೊಟ್ಟಿದೆ, ಅದು ಸಿಲ್ಕ್ ಬೋರ್ಡ್, ಕೆ.ಆರ್. ಪುರ, ಹೆಬ್ಬಾಳದ ಮೇಲೆ ಹೋಗುತ್ತದೆ. ಮೈಸೂರು ರಸ್ತೆಯಿಂದ ಬರುವ ನಮಗೆ ಅದರಿಂದ ಎಷ್ಟು ಉಪಯೋಗ ನೀವೇ ಹೇಳಿ.

ಕಾರೇ ಬೇಡ ಅಂತ ಹೇಳುತ್ತಿಲ್ಲ. ಮೊದಲ ಸಲ ವಿದೇಶಕ್ಕೆ ಹೊರಟ ವಯಸ್ಸಾದ ಅಪ್ಪ ಅಮ್ಮ, ಮಂಡಿ ನೋವಿನವರು, ಕೈಗೂಸು ಇರುವವರು, ಇವರಿಗೆ ಕಾರೇ ಬೇಕು. ಹಾಗೆ ಹೋದಾಗ ಇಬ್ಬರು ಓಡಿಸುವವರಿರಲಿ. ಇಲ್ಲದಿದ್ದರೆ ದೇವನಹಳ್ಳಿಯಲ್ಲೋ ಬೆಂಗಳೂರಿನ ನೆಂಟರ ಮನೆಯಲ್ಲೋ ಮಲಗಿ ಬೆಳಿಗ್ಗೆ ಬನ್ನಿ. ಟ್ಯಾಕ್ಸಿಯವರಿಗೂ ಮಲಗಲು ಒಂದು ಜಾಗ ಮಾಡಿಕೊಡಿ, ಅದರ ದುಡ್ಡು ದೊಡ್ಡದಲ್ಲ.

ಮೊದಲ ಸಲ ಬಸ್ಸಿಗೆ ಕಳಿಸಿದ ದಿನ ಮನೆಯಲ್ಲೇ ಎಲ್ಲರೂ ಕೂತು ಊಟ ಮಾಡಿದೆವು. ಅವಳಿಗಿಷ್ಟ ಅಂತ ಅತ್ತೆ ಹುಳಿ, ಸಂಡಿಗೆ ಮಾಡಿಸಿದ್ದರು. ಚಟ್ನಿಪುಡಿ, ನಿಪ್ಪಟ್ಟಿನ ಡಬ್ಬಿ ತೂಗಿ ತೂಗಿ 23 ಕೆಜಿಗೆ ಸರಿ ಮಾಡಿದೆವು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬರುವವರೆಗೆ ಅರ್ಧ ಗಂಟೆ ಕಲ್ಲುಬೆಂಚಿನ ಮೇಲೆ ಕೂತು ಮಾತಾಡಿದೆವು. ಹಾರನ್ನು ಹೊಡೆಯುವವರು ಯಾರೂ ಇರಲಿಲ್ಲ. ಅತ್ತೆ ಅವಳ ಕೈ ಹಿಡಿದುಕೊಂಡೇ ಇದ್ದರು. ಒಂಬತ್ತೂವರೆಗೆಲ್ಲ ನಾವು ಮನೆಯಲ್ಲಿ ಮಲಗಿದ್ದೆವು.

ಕಳೆದ ಸಲ ವಾಪಸ್ಸು ಬಂದಾಗಲೂ ಬಸ್ಸಲ್ಲೇ ಬಂದಳು. ಫ್ಲೈಟು ಎರಡು ಗಂಟೆ ತಡ ಆಗಿತ್ತಂತೆ, ನಮಗೆ ಗೊತ್ತೇ ಆಗಲಿಲ್ಲ, ಅವಳು ಮುಂದಿನ ಬಸ್ಸು ಹಿಡಿದಿದ್ದಳು. ಬೆಳಿಗ್ಗೆ ಏಳಕ್ಕೆ ಯಜಮಾನರು ಸ್ಕೂಟರಿನಲ್ಲಿ, ನಾನೂ ಅತ್ತೆಯೂ ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿದ್ದೆವು. ಫ್ಲಾಸ್ಕಿನಲ್ಲಿ ಕಾಫಿ ಇತ್ತು.