ಬಹುಮಾನ ಪುಸ್ತಕಕ್ಕೆ ಕೊಡಿ, ಓದಿದ ಮಗುವಿಗಲ್ಲ

ನವೆಂಬರ್ 14 ಬಂತೆಂದರೆ ಶಾಲೆಗಳಿಗೆ ಎರಡು ಕೆಲಸ ಒಟ್ಟಿಗೇ ಬೀಳುತ್ತವೆ. ಒಂದು ಮಕ್ಕಳ ದಿನಾಚರಣೆ, ಇನ್ನೊಂದು ಅದೇ ದಿನ ಶುರುವಾಗಿ 20ರವರೆಗೆ ನಡೆಯುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಬೀರುವಿನ ಬೀಗ ತೆಗೆದು, ಧೂಳು ಕೊಡವಿ, ಪುಸ್ತಕಗಳನ್ನು ಬೆಂಚಿನ ಮೇಲೆ ಹರಡಿ, ಫೋಟೊ ತೆಗೆದು ಗ್ರೂಪಿಗೆ ಹಾಕಿ, ‘ಓದಿನ ಮಹತ್ವ’ ಕುರಿತು ಪ್ರಬಂಧ ಸ್ಪರ್ಧೆ ಮಾಡಿಸಿ, ಅತಿ ಹೆಚ್ಚು ಪುಸ್ತಕ ಓದಿದ ಮಗುವಿಗೆ ಒಂದು ಜಾಮಿಟ್ರಿ ಬಾಕ್ಸ್ ಕೊಟ್ಟರೆ ಸಪ್ತಾಹ ಮುಗಿಯಿತು. 21ನೇ ತಾರೀಖು ಬೀರುವಿಗೆ ಮತ್ತೆ ಬೀಗ.

ಬೀಗದ ಮಾತು ಆಮೇಲೆ. ಮೊದಲು ಆ ಜಾಮಿಟ್ರಿ ಬಾಕ್ಸ್.

‘ಯಾರು ಹೆಚ್ಚು ಓದಿದರು’ ಎಂಬ ಸ್ಪರ್ಧೆ ಇಟ್ಟ ಮರುದಿನದಿಂದ ಲೈಬ್ರರಿಯಲ್ಲಿ ಏನಾಗುತ್ತದೆ ಎಂದು ಇಶ್ಯೂ ರಿಜಿಸ್ಟರ್ ತೆಗೆದು ನೋಡಿ. ಹದಿನಾರು ಪುಟದ ಪುಸ್ತಕಗಳು ಮಾತ್ರ ಓಡಾಡುತ್ತವೆ. ಬೆಳಿಗ್ಗೆ ಹೋದದ್ದು ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚೆ ವಾಪಸ್ ಬರುತ್ತದೆ. ಏಳನೇ ತರಗತಿಯ ಜಾಣರು ಒಂದನೇ ತರಗತಿಯ ಚಿತ್ರಪುಸ್ತಕ ಕೊಂಡೊಯ್ಯುತ್ತಾರೆ. ನಿಧಾನಕ್ಕೆ ಓದುವ ಮಗು ಮೂರನೇ ದಿನಕ್ಕೇ ಗೋಡೆಯ ಚಾರ್ಟಿನಲ್ಲಿ ತನ್ನ ಹೆಸರು ಎಲ್ಲಿದೆ ಎಂದು ನೋಡಿ ಸುಮ್ಮನಾಗುತ್ತದೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ನಾವು ಎಣಿಸುತ್ತೇವೆ ಎಂದೆವು, ಅವರು ಎಣಿಕೆಗೆ ಬೇಕಾದದ್ದನ್ನು ಕೊಟ್ಟರು.

ಇದರ ಬಗ್ಗೆ 1973ರಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿದ್ದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಮಕ್ಕಳಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಬಿಡಿಸಿಕೊಂಡರು. ಒಂದೆರಡು ವಾರದ ಮೇಲೆ ಅದೇ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟಾಗ ಆ ಮಕ್ಕಳ ಆಸಕ್ತಿ ಉಳಿದವರ ಅರ್ಧಕ್ಕೆ ಇಳಿದಿತ್ತು. ಪ್ರಶಸ್ತಿಯ ಆಸೆ ತೋರಿಸದ ಮಕ್ಕಳು ಮೊದಲಿನಂತೆಯೇ ಬಿಡಿಸುತ್ತಿದ್ದರು.

ಹಾಗಾದರೆ ಪ್ರಶಸ್ತಿಯೇ ಬೇಡವೆ? ಬೇಕು. ಆದರೆ ಅದು ಪುಸ್ತಕಕ್ಕೆ ಹೋಗಬೇಕು, ಕೊಡುವವರು ಮಕ್ಕಳಾಗಬೇಕು. ಮಕ್ಕಳ ಪುಸ್ತಕದ ಪ್ರಶಸ್ತಿಗಳಲ್ಲಿ ಹೆಸರಾದವೆಲ್ಲ ಬಹುಪಾಲು ದೊಡ್ಡವರು ಕೊಡುವವು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರವೂ ಹಾಗೆಯೇ: 24 ಭಾಷೆ, 50,000 ರೂಪಾಯಿ, ತಾಮ್ರಫಲಕ, ತೀರ್ಪುಗಾರರೆಲ್ಲ ಹಿರಿಯರು. ಅದು ಬೇಕಾದ ಪ್ರಶಸ್ತಿಯೇ. ಕನ್ನಡದಲ್ಲಿ ಮಕ್ಕಳಿಗೆಂದು ಬರೆಯುವವರಿಗೆ ಮರ್ಯಾದೆ ಸಿಗುವ ಜಾಗಗಳು ಹೆಚ್ಚಿಲ್ಲ. ಆದರೆ ಐದನೇ ತರಗತಿಯ ಹುಡುಗಿಗೆ ಏನು ಹಿಡಿಸಿತು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ 1952ರಿಂದ ಶಾಲಾ ಮಕ್ಕಳೇ ಮತ ಹಾಕಿ ಆರಿಸುವ ಪ್ರಶಸ್ತಿಯಿದೆ. ಕೆನಡಾದ ಒಂಟಾರಿಯೊದಲ್ಲಿ 1994ರಲ್ಲಿ ಶುರುವಾದ ಸಿಲ್ವರ್ ಬರ್ಚ್ ಪ್ರಶಸ್ತಿಯ ನಿಯಮ ನನಗೆ ಇನ್ನೂ ಹಿಡಿಸುತ್ತದೆ: ಪಟ್ಟಿಯಲ್ಲಿ ಹತ್ತು ಪುಸ್ತಕ, ಅದರಲ್ಲಿ ಐದಾದರೂ ಓದಿದವರಿಗೆ ಮಾತ್ರ ಮತ. ಓದುವುದು ಇಲ್ಲಿ ಬಹುಮಾನ ಗೆಲ್ಲುವ ದಾರಿಯಲ್ಲ, ತೀರ್ಪು ಹೇಳುವ ಹಕ್ಕು ಸಿಗುವ ದಾರಿ.

ಇದನ್ನು ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಾಡಬಹುದೆ? ಮಾಡಬಹುದು. ಆದರೆ ಲೆಕ್ಕ ಮೊದಲು, ಉತ್ಸಾಹ ಆಮೇಲೆ. ಈ ಕೆಲಸ ಕೆಡುವುದು ಬಹುಮಟ್ಟಿಗೆ ಲೆಕ್ಕದಲ್ಲಿಯೇ.

4ರಿಂದ 7ನೇ ತರಗತಿವರೆಗೆ 80 ಮಕ್ಕಳಿದ್ದಾರೆ ಎನ್ನಿ. ಪಟ್ಟಿಗೆ ಎಂಟು ಪುಸ್ತಕ, ಮತ ಹಾಕಲು ನಾಲ್ಕಾದರೂ ಓದಿರಬೇಕು. ಅಂದರೆ 320 ಓದು ಆಗಬೇಕು. ಒಂದೊಂದು ಪುಸ್ತಕದ ಮೂರು ಪ್ರತಿ ಕೊಂಡರೆ 24 ಪ್ರತಿ. ವಾರಕ್ಕೊಂದು ಲೈಬ್ರರಿ ಪಿರಿಯಡ್, ಹತ್ತು ವಾರ: ಕಾಗದದ ಮೇಲೆ 240 ಓದು. ಅದರಲ್ಲಿ ಗೈರುಹಾಜರಿ, ಮನೆಯಲ್ಲಿ ಮರೆತು ಬಂದದ್ದು, ಜ್ವರ, ಊರಹಬ್ಬ ಎಲ್ಲ ಸೇರಿ ಮೂರರಲ್ಲಿ ಒಂದು ಪಾಲು ಕಳೆಯಿರಿ. ಉಳಿಯುವುದು 160, ಬೇಕಾದದ್ದರ ಅರ್ಧ. ನವೆಂಬರ್ ಹೊತ್ತಿಗೆ ಅರ್ಧ ಮಕ್ಕಳು ‘ನಂಗೆ ಸಿಗ್ಲೇ ಇಲ್ಲ ಮಿಸ್’ ಎನ್ನುವುದು ಇದಕ್ಕೇ. ಆಗ ಮೇಷ್ಟ್ರು ನಿಯಮ ಸಡಿಲಿಸಿ ಎಲ್ಲರಿಗೂ ಮತ ಕೊಡುತ್ತಾರೆ, ಮುಖಪುಟ ಚೆನ್ನಾಗಿರುವ ಪುಸ್ತಕ ಗೆಲ್ಲುತ್ತದೆ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಪುಸ್ತಕ ಬದಲಿಸುವುದನ್ನು ವಾರಕ್ಕೆ ಎರಡು ಸಲ ಮಾಡಿ, ಬುಧವಾರ ಮತ್ತು ಶನಿವಾರ, ಬೆಳಗಿನ ಪ್ರಾರ್ಥನೆಗೆ ಮುಂಚೆ ಇಪ್ಪತ್ತು ನಿಮಿಷ. 480ರಲ್ಲಿ ಮೂರನೇ ಒಂದು ಕಳೆದರೆ 320. ತುಂಬ ಬಿಗಿಯಾಯಿತು ಅನ್ನಿಸಿದರೆ ಪಟ್ಟಿಯ ಒಂದು ಪುಸ್ತಕವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಎಲ್ಲರಿಗೂ ಒಂದು ಓದು ಸಂದಿತು, ಇನ್ನು ಬೇಕಾದದ್ದು 240 ಮಾತ್ರ. ಕೇಳಿದ್ದನ್ನು ಓದಿದ್ದೆಂದು ಎಣಿಸಬಹುದೇ ಎಂದು ಕೆಲವರು ತಕರಾರು ತೆಗೆಯುತ್ತಾರೆ. ಖಂಡಿತ ಎಣಿಸಬೇಕು. ಒತ್ತಕ್ಷರಕ್ಕೆ ಇನ್ನೂ ತಡವರಿಸುವ ಮಗುವಿಗೂ ಕಥೆಯ ಬಗ್ಗೆ ಅಭಿಪ್ರಾಯ ಇರುತ್ತದೆ.

ಖರ್ಚು: ಸರಾಸರಿ 70 ರೂಪಾಯಿ ಹಿಡಿದರೆ 24 ಪ್ರತಿಗೆ 1,680. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲಾ ಗ್ರಂಥಾಲಯಕ್ಕೆ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶವಿದೆ. ಆ ಹಣ ಕೈಗೆ ಬರುವ ತಿಂಗಳಿಗೂ ನಮ್ಮ ಪಟ್ಟಿಯ ತಿಂಗಳಿಗೂ ತಾಳೆಯಾಗದು. ಆದ್ದರಿಂದ ಈ ವರ್ಷದ ಹಣದಲ್ಲಿ ಮುಂದಿನ ವರ್ಷದ ಪಟ್ಟಿಯ ಪುಸ್ತಕ ಕೊಂಡಿಡಿ. ಅಷ್ಟೂ ಆಗದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ಕೇಳಿ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ ಜಾಲತಾಣದಿಂದ ಕನ್ನಡ ಪುಸ್ತಕಗಳನ್ನು ಇಳಿಸಿಕೊಂಡು ಮುದ್ರಿಸಲೂ ಅಡ್ಡಿಯಿಲ್ಲ, ಅದರ ಪರವಾನಗಿಯೇ ಮುಕ್ತ. ಆದರೆ ಕಪ್ಪು-ಬಿಳುಪು ಜೆರಾಕ್ಸ್ ಮಾಡಿದ ಚಿತ್ರಪುಸ್ತಕವನ್ನು ಬಣ್ಣದ ಪುಸ್ತಕಗಳ ಜೊತೆ ಸ್ಪರ್ಧೆಗೆ ಇಡಬೇಡಿ. ಅದು ಮೊದಲ ದಿನವೇ ಸೋತಿರುತ್ತದೆ.

ಇನ್ನು ಆಯ್ಕೆ. ತೆನಾಲಿ ರಾಮ, ಅಕ್ಬರ್-ಬೀರಬಲ್, ಪಂಚತಂತ್ರ ಪಟ್ಟಿಯಲ್ಲಿ ಬೇಡ. ಅವುಗಳ ಮೇಲೆ ಸಿಟ್ಟಿಲ್ಲ. ಗೊತ್ತಿರುವ ಹೆಸರಿಗೇ ಮತ ಬೀಳುತ್ತದೆ, ಹೊಸ ಪುಸ್ತಕ ಯಾರ ಕಣ್ಣಿಗೂ ಬೀಳುವುದಿಲ್ಲ. ಕಳೆದ ಐದಾರು ವರ್ಷಗಳಲ್ಲಿ ಬಂದವನ್ನೇ ಹುಡುಕಿ. ಎರಡು ಚಿತ್ರಪುಸ್ತಕ ಇರಲಿ, ಎರಡು ಮೂರು ಕಥೆ, ಒಂದು ಪದ್ಯ, ಒಂದು ವಿಜ್ಞಾನ ಅಥವಾ ಪ್ರಾಣಿ-ಪಕ್ಷಿ, ಒಂದು ನೂರು ಪುಟ ದಾಟುವ ಕಾದಂಬರಿ. ಆಡುಭಾಷೆಯಲ್ಲಿ ಬರೆದದ್ದು ಒಂದಾದರೂ ಇರಲಿ. ಕಲಬುರಗಿಯ ಮಗುವಿಗೆ ಎಲ್ಲ ಪಾತ್ರಗಳೂ ಮೈಸೂರಿನ ಕನ್ನಡ ಮಾತಾಡಿದರೆ ಪುಸ್ತಕವೆಂದರೆ ಬೇರೆ ಊರಿನದು ಎಂಬ ಭಾವ ಗಟ್ಟಿಯಾಗುತ್ತದೆ. ಅನುವಾದವಾದರೆ ಯಾವುದಾದರೂ ಒಂದು ಪುಟ ತೆಗೆದು ಗಟ್ಟಿಯಾಗಿ ಓದಿ. ಎರಡು ಕಡೆ ನಾಲಿಗೆ ಎಡವಿದರೆ ಬದಿಗಿಡಿ, ಚಿತ್ರ ಎಷ್ಟೇ ಚೆನ್ನಾಗಿರಲಿ. ಮೌಲ್ಯಬೋಧನೆಯ ಪುಸ್ತಕಗಳನ್ನು ದಾನಿಗಳು ಕಟ್ಟುಗಟ್ಟಲೆ ಕೊಡುತ್ತಾರೆ. ತೆಗೆದುಕೊಂಡು ಧನ್ಯವಾದ ಹೇಳಿ, ಪಟ್ಟಿಗೆ ಸೇರಿಸಬೇಡಿ.

ಜೂನ್‌ನಲ್ಲೇ ಶುರು ಮಾಡುವ ಹುಮ್ಮಸ್ಸೂ ಬೇಡ. ದಾಖಲಾತಿ ಮುಗಿದಿರುವುದಿಲ್ಲ, ಮಲೆನಾಡು ಕರಾವಳಿಯಲ್ಲಿ ಜುಲೈ ಪೂರ್ತಿ ಮಳೆ ರಜೆ. ಆಗಸ್ಟ್ ಮೊದಲ ವಾರ ಆರಂಭಿಸಿದರೆ ದಸರಾ ರಜೆ ಕಳೆದು ಅಕ್ಟೋಬರ್ ಕೊನೆಗೆ ಹತ್ತು ವಾರ ಸಿಗುತ್ತದೆ. ರಾಜ್ಯೋತ್ಸವ ಮುಗಿಸಿಕೊಂಡು ಮತದಾನ, 14ಕ್ಕೆ ಫಲಿತಾಂಶ. ಆಗಸ್ಟ್ 12 ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಹುಟ್ಟಿದ ದಿನ, ಗ್ರಂಥಪಾಲಕರ ದಿನವೂ ಅದೇ. ಪಟ್ಟಿ ಬಿಡುಗಡೆಗೆ ಅದಕ್ಕಿಂತ ಒಳ್ಳೆಯ ದಿನ ಹುಡುಕಬೇಕಿಲ್ಲ, ಒಂದು ವಾರ ಹೆಚ್ಚುಕಡಿಮೆಯಾದರೂ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದೇ ‘ಪುಸ್ತಕಗಳು ಬಳಕೆಗಾಗಿ’. ಬೀರುವಿನ ಬೀಗಕ್ಕೆ ಅಂಟಿಸಬೇಕಾದ ಮಾತು.

ಬೀಗ ಎಂದಾಗ ಮೇಷ್ಟ್ರುಗಳ ಭಯವನ್ನೂ ಹೇಳಬೇಕು. ದಾಸ್ತಾನು ವಹಿಯಲ್ಲಿ ಒಂದು ಪುಸ್ತಕ ಕಡಿಮೆಯಾದರೆ ಚಾರ್ಜ್ ಕೊಡುವಾಗ ಯಾರು ಉತ್ತರಿಸಬೇಕು? ಈ ಒಂದು ಭಯಕ್ಕೆ ಲಕ್ಷಾಂತರ ಪುಟಗಳು ಗೆದ್ದಲಿಗೆ ಹೋಗಿವೆ. ವರ್ಷಕ್ಕೊಮ್ಮೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹರಿದ, ಕಳೆದ ಪುಸ್ತಕಗಳ ಪಟ್ಟಿ ಓದಿ ನಡಾವಳಿಯಲ್ಲಿ ಬರೆಸಿ ಸಹಿ ಹಾಕಿಸಿಡಿ. ಆಗ ಉತ್ತರಿಸುವ ಹೊರೆ ಒಬ್ಬರ ತಲೆಯ ಮೇಲೆ ಬೀಳುವುದಿಲ್ಲ. ಹರಿಯುವುದನ್ನೂ ಕಡಿಮೆ ಮಾಡಬಹುದು. ಚಿತ್ರಪುಸ್ತಕಗಳ ನಡುವಿನ ಪಿನ್ ಮಳೆಗಾಲದಲ್ಲಿ ತುಕ್ಕು ಹಿಡಿದು ಹಾಳೆಯನ್ನೇ ತಿನ್ನುತ್ತದೆ. ಬಂದ ದಿನವೇ ಪಿನ್ ಕಿತ್ತು ದಪ್ಪ ದಾರದಲ್ಲಿ ಮೂರು ತೂತು ಹೊಲಿಗೆ ಹಾಕಿದರೆ ಹತ್ತು ವಾರವಲ್ಲ, ನಾಲ್ಕು ವರ್ಷ ಬರುತ್ತದೆ.

ಓದಿದ್ದಾರೋ ಇಲ್ಲವೋ ತಿಳಿಯಲು ಪ್ರಶ್ನೆಪತ್ರಿಕೆ ಮಾಡಬೇಡಿ, ಸಾರಾಂಶ ಬರೆಸಬೇಡಿ. ಪುಸ್ತಕ ವಾಪಸ್ ಕೊಡುವಾಗ ಒಂದೇ ಪ್ರಶ್ನೆ: ‘ಇದನ್ನ ಯಾರಿಗೆ ಕೊಡ್ಬೇಕು ಅನ್ಸುತ್ತೆ?’ ಓದಿದ ಮಗು ಹೆಸರು ಹೇಳುತ್ತದೆ, ಕಾರಣವನ್ನೂ ಹೇಳುತ್ತದೆ. ಓದದ ಮಗು ‘ಚೆನ್ನಾಗಿದೆ ಸಾರ್’ ಎನ್ನುತ್ತದೆ. ಆ ಮಗುವಿಗೆ ಪುಸ್ತಕ ಇನ್ನೊಂದೆರಡು ದಿನ ಬಿಟ್ಟುಕೊಡಿ, ಅಷ್ಟೆ.

ಮತಪತ್ರದಲ್ಲಿ ಎಂಟು ಪುಸ್ತಕದ ಹೆಸರು, ಪಕ್ಕದಲ್ಲಿ ಮುಖಪುಟದ ಪುಟ್ಟ ಚಿತ್ರ. ಮಗು ಓದಿದ್ದಕ್ಕೆಲ್ಲ ಸುತ್ತು ಹಾಕಬೇಕು, ಎಲ್ಲಕ್ಕಿಂತ ಇಷ್ಟವಾದ ಒಂದಕ್ಕೆ ಮಾತ್ರ ಟಿಕ್, ಅದು ಯಾಕೆ ಇಷ್ಟ ಎಂದು ಹಿಂಬದಿಯಲ್ಲಿ ಬರೆಯಬೇಕು. ಅಂಕ ಕೊಡಿಸುವ ಪದ್ಧತಿ ನಡೆಯುವುದಿಲ್ಲ. ಮಕ್ಕಳು ಉದಾರಿಗಳು, ಎಲ್ಲಕ್ಕೂ ಹತ್ತಕ್ಕೆ ಹತ್ತು. ಟಿಕ್‌ಗಳನ್ನು ಸುಮ್ಮನೆ ಎಣಿಸಿದರೂ ಅನ್ಯಾಯವಾಗುತ್ತದೆ. ತೆಳು ಪುಸ್ತಕವೊಂದನ್ನು 70 ಮಕ್ಕಳು ಓದಿ 25 ಮಂದಿ ಟಿಕ್ ಹಾಕಿದರು, ದಪ್ಪ ಕಾದಂಬರಿಯನ್ನು 22 ಮಕ್ಕಳು ಓದಿ 14 ಮಂದಿ ಹಾಕಿದರು ಎನ್ನಿ. ಬರೀ ಎಣಿಕೆಯಲ್ಲಿ ತೆಳುವಿಗೆ ಜಯ. ಓದಿದವರಲ್ಲಿ ಎಷ್ಟು ಪಾಲು ಎಂದು ನೋಡಿದರೆ ಒಂದಕ್ಕೆ ನೂರಕ್ಕೆ 36, ಇನ್ನೊಂದಕ್ಕೆ 64. ಹಾಗಾಗಿ ಟಿಕ್ ಅನ್ನು ಸುತ್ತಿನಿಂದ ಭಾಗಿಸಿ. ಆರನೇ ತರಗತಿಗೆ ಶೇಕಡಾ ಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಇದರಲ್ಲೂ ಒಂದು ಮೋಸ ಅಡಗಿದೆ. ದಪ್ಪ ಪುಸ್ತಕ ಹಿಡಿಸದವರು ಅರ್ಧಕ್ಕೇ ಬಿಟ್ಟಿರುತ್ತಾರೆ, ಮುಗಿಸಿದವರೆಲ್ಲ ಅಭಿಮಾನಿಗಳೇ. ಅದಕ್ಕೆ ಅರ್ಧಕ್ಕೆ ಬಿಟ್ಟವರು ಅರ್ಧ ಸುತ್ತು ಹಾಕಲಿ. ಮತದ ಅರ್ಹತೆಯ ನಾಲ್ಕರಲ್ಲಿ ಅದು ಸೇರದು, ಆದರೆ ಭಾಗಿಸುವಾಗ ಪೂರ್ತಿ ಒಂದೆಂದೇ ಸೇರಬೇಕು. ಜೊತೆಗೆ 20 ಓದುಗರಾದರೂ ಇಲ್ಲದ ಪುಸ್ತಕ ಕಣದಲ್ಲಿ ಇರಬಾರದು.

ನಲಿ-ಕಲಿಯ, ಅಂದರೆ 1ರಿಂದ 3ನೇ ತರಗತಿಯ, ಚಿಕ್ಕವರಿಗೆ ಇಷ್ಟೆಲ್ಲ ಬೇಡ. ಮೂರು ಚಿತ್ರಪುಸ್ತಕ ಓದಿ ಹೇಳಿ, ಮೂರು ಡಬ್ಬಿ ಇಟ್ಟು ಕೈಗೊಂದು ಹುಣಸೆ ಬೀಜ ಕೊಡಿ. ಡಬ್ಬಿ ಪಾರದರ್ಶಕವಾಗಿದ್ದರೆ ತುಂಬಿದ ಡಬ್ಬಿಗೇ ಎಲ್ಲರೂ ಹಾಕುತ್ತಾರೆ. ಹಾರ್ಲಿಕ್ಸ್ ಬಾಟಲಿಗೆ ಕಾಗದ ಸುತ್ತಿ, ಮುಚ್ಚಳಕ್ಕೆ ಸೀಳು ಮಾಡಿ. ಜೇಬಿನಲ್ಲಿ ಹೆಚ್ಚುವರಿ ಬೀಜ ತರುವವರೂ ಇರುತ್ತಾರೆ, ಅದಕ್ಕೆ ಬೀಜಕ್ಕೆ ಮೊದಲೇ ಬಣ್ಣ ಬಳಿದಿಡಿ.

ಹಿರಿಯ ಮಕ್ಕಳು ಶಾಲಾ ಸಂಸತ್ತಿನ ಚುನಾವಣೆ ಮಾಡಿ ಪಳಗಿದವರು. ಮತಗಟ್ಟೆ ಅಧಿಕಾರಿ, ಶಾಯಿ, ಏಜೆಂಟ್ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಪ್ರಚಾರಕ್ಕೆ ಒಂದು ಪುಸ್ತಕಕ್ಕೆ ಎರಡು ನಿಮಿಷ, ಕಥೆಯ ಕೊನೆ ಬಿಟ್ಟುಕೊಟ್ಟವರ ಮಾತು ಅಲ್ಲಿಗೇ ನಿಲ್ಲಿಸಬೇಕು. ಮೇಷ್ಟ್ರು ತಮಗೆ ಯಾವುದು ಇಷ್ಟ ಎಂದು 14ರವರೆಗೆ ಬಾಯಿ ಬಿಡಬಾರದು. ಇದು ಎಲ್ಲಕ್ಕಿಂತ ಕಷ್ಟದ ನಿಯಮ.

ಸಮಾರಂಭ ಮುಕ್ಕಾಲು ಗಂಟೆ ಮೀರಬಾರದು. ಎಣಿಕೆ ಎಲ್ಲರ ಮುಂದೆ ಬೋರ್ಡಿನ ಮೇಲೆ ನಡೆಯಲಿ, ನಾಲ್ಕು ಗೆರೆಗೊಂದು ಅಡ್ಡಗೆರೆ ಹಾಕುತ್ತ. ಭಾಷಣಕ್ಕಿಂತ ಹೆಚ್ಚು ಉಸಿರು ಬಿಗಿಹಿಡಿಸುವುದು ಅದೇ. ಮುಖ್ಯ ಅತಿಥಿಗಳು ಬಂದರೆ ಗೆದ್ದ ಪುಸ್ತಕದ ಎರಡು ಪುಟ ಓದಲಿ, ಭಾಷಣದ ಬದಲು. ಶಾಲು, ಹಾರ, ಹಣ್ಣಿನ ಬುಟ್ಟಿಯ ದುಡ್ಡಿನಲ್ಲಿ ಅದೇ ಪುಸ್ತಕದ ಇನ್ನೈದು ಪ್ರತಿ ಬರುತ್ತದೆ, ಯಾಕೆಂದರೆ ಗೆದ್ದ ಮರುದಿನ ಎಲ್ಲರಿಗೂ ಅದೇ ಬೇಕು. ಲೇಖಕರಿಗೆ ಪ್ರಕಾಶಕರ ವಿಳಾಸಕ್ಕೆ ಮಕ್ಕಳಿಂದ 50 ಪೈಸೆಯ ಅಂಚೆ ಕಾರ್ಡು ಬರೆಸಿ. ಎಂಟೂ ಜನರಿಗೆ, ಸೋತವರನ್ನೂ ಸೇರಿಸಿ. ‘ನಿಮ್ಮ ಪುಸ್ತಕ ಮೂರನೇ ಸ್ಥಾನ, ಬೆಕ್ಕು ಸಾಯಬಾರದಿತ್ತು’ ಎಂಬಂಥ ವಿಮರ್ಶೆ ಯಾವ ಪತ್ರಿಕೆಯಲ್ಲೂ ಅವರಿಗೆ ಸಿಗುವುದಿಲ್ಲ. ಮತಪತ್ರದ ಹಿಂದೆ ‘ಯಾಕೆ ಇಷ್ಟ’ ಎಂದು ಬರೆದಿರುತ್ತಾರಲ್ಲ, ಅದನ್ನು ಎಸೆಯಬೇಡಿ. ಆಯಾ ಪುಸ್ತಕದ ಹಿಂಬದಿ ರಟ್ಟಿಗೆ ಹಳೇ ಲಕೋಟೆ ಅಂಟಿಸಿ ಅದರೊಳಗಿಡಿ. ಜೂನ್‌ನಲ್ಲಿ ನಾಲ್ಕನೇ ತರಗತಿಗೆ ಬರುವ ಮಕ್ಕಳು ಪುಸ್ತಕಕ್ಕಿಂತ ಮೊದಲು ಆ ಚೀಟಿಗಳನ್ನು ಓದುತ್ತಾರೆ.