ಅಟ್ಟದ ಮೇಲಿನ ಹಳೇ ಗಾಲ್ಫ್ ಸ್ಟಿಕ್ಕಿಗೆ ದಯವಿಟ್ಟು ವಾರ್ನಿಷ್ ಹೊಡೆಸಬೇಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಹಳೇ ಎಸ್ಟೇಟ್ ಬಂಗಲೆಗಳ ಅಟ್ಟ ಗುಡಿಸುವಾಗ ಒಮ್ಮೊಮ್ಮೆ ಮರದ ಕಾವಿನ ಗಾಲ್ಫ್ ಸ್ಟಿಕ್ಕು ಸಿಗುತ್ತದೆ. ಸಿಕ್ಕಿದ್ದು ಒಂದೋ ಗುಜರಿಗೆ ಹೋಗುತ್ತದೆ, ಇಲ್ಲವೇ ಉಜ್ಜಿಸಿಕೊಂಡು, ವಾರ್ನಿಷ್ ಬಳಿಸಿಕೊಂಡು ಹೋಂಸ್ಟೇ ಗೋಡೆ ಏರುತ್ತದೆ. ಎರಡೂ ಅನ್ಯಾಯ. ಅದು ಆಡುವ ಸಾಮಾನು. ಸರಿಯಾಗಿ ನೋಡಿಕೊಂಡರೆ ನೂರು ವರ್ಷದ ಸ್ಟಿಕ್ಕಿನಲ್ಲಿ ಇವತ್ತೂ ಆಡಬಹುದು.

ಮೊದಲು ಕಾವಿಗೆ ಆಯಸ್ಕಾಂತ ಹಿಡಿಯಿರಿ. ಗಾಲ್ಫ್ ನಿಯಮ ಮಾಡುವ, ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ ಕ್ಲಬ್ಬು ಉಕ್ಕಿನ ಕಾವಿಗೆ ಒಪ್ಪಿಗೆ ಕೊಟ್ಟಿದ್ದು 1929ರಲ್ಲಿ. ಮರಕ್ಕೆ ಒಗ್ಗಿದ ಆಟಗಾರರು ಬೇಡ ಅನ್ನದಿರಲಿ ಎಂದು ಆಗಿನ ಎಷ್ಟೋ ಉಕ್ಕಿನ ಕಾವುಗಳಿಗೆ ಮರದ ಬಣ್ಣದ ಲೇಪ ಕೊಡುತ್ತಿದ್ದರು. ಕಣ್ಣು ಮೋಸ ಹೋಗುತ್ತದೆ, ಆಯಸ್ಕಾಂತ ಹೋಗುವುದಿಲ್ಲ. ಅಂಟದಿದ್ದರೆ ಹೆಚ್ಚಾಗಿ ಅದು ಅಮೆರಿಕದ ಹಿಕರಿ ಮರ. 1930ರಲ್ಲಿ ಅಮೆರಿಕದ ಆಟಗಾರ ಬಾಬಿ ಜೋನ್ಸ್ ಒಂದೇ ವರ್ಷ ನಾಲ್ಕು ದೊಡ್ಡ ಪಂದ್ಯ ಗೆದ್ದಿದ್ದು ಹಿಕರಿ ಸ್ಟಿಕ್ಕುಗಳಲ್ಲೇ.

ಆಮೇಲೆ ಕಬ್ಬಿಣದ ಹೆಡ್ಡಿನ ಬೆನ್ನು ನೋಡಿ. ಸಣ್ಣ ಹೊಗೆಪೈಪಿನ ಗುರುತಿದ್ದರೆ ಸೇಂಟ್ ಆಂಡ್ರ್ಯೂಸ್‌ನ ಟಾಮ್ ಸ್ಟುವರ್ಟ್ ಕುಲುಮೆಯದು. ಹಸ್ತವಿದ್ದರೆ ಲೆವೆನ್ ಊರಿನ ಜಾರ್ಜ್ ನಿಕೋಲ್, ನಕ್ಷತ್ರವಿದ್ದರೆ ಕಿಂಗ್‌ಹಾರ್ನ್‌ನ ಗಿಬ್ಸನ್. ಬಫಿಂಗ್‌ಗೆ ಕೊಟ್ಟರೆ ಮೊದಲು ಅಳಿಯುವುದು ಈ ಗುರುತೇ. ತುಕ್ಕು ತೆಗೆಯಲು ತೀರಾ ನಯವಾದ ಸ್ಟೀಲ್ ವೂಲ್, ನಾಲ್ಕು ಹನಿ ಎಣ್ಣೆ ಸಾಕು. ಕೆಂಪು ತುಕ್ಕು ಹೋಗಲಿ, ಕಪ್ಪು ಬಣ್ಣ ಇರಲಿ.

ಕಾವು ಮುರಿಯುವುದು ಸಾಮಾನ್ಯವಾಗಿ ಹೆಡ್ಡಿನ ಕೊಳವೆಗೆ ಸ್ವಲ್ಪ ಮೇಲೆ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆಡಬೇಡಿ. ಮೆಲ್ಲಗೆ ಬಾಗಿಸಿ ಕಿವಿಗೊಡಿ, ಕರಕರ ಅಂದರೆ ಒಳಗೆ ಎಳೆ ಬಿಟ್ಟಿದೆ ಎಂದರ್ಥ. ಸೂಜಿಮೊನೆಯಷ್ಟು ತೂತು, ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ, ಅದನ್ನು ಬೇರೆ ಸ್ಟಿಕ್ಕುಗಳ ಜೊತೆ ಇಡಲೇಬೇಡಿ. ಮುರಿದದ್ದಕ್ಕೆ ತೇಗದ ಕಾವು ಹಾಕಿಸುವ ಆಸೆಯೂ ಬೇಡ. ತೇಗ ಬಾಗಿಲಿಗೆ, ಮಂಚಕ್ಕೆ ಚೆನ್ನ. ಏಟು ತಡೆಯುವುದರಲ್ಲಿ ಹಿಕರಿಯ ಸಮಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ ಕೊಡಲಿ, ಸುತ್ತಿಗೆಗಳಿಗೆ ಹಿಕರಿ ಕಾವು ಹಾಕುವುದು ಸುಮ್ಮನೆ ಅಲ್ಲ.

ಅತಿ ಹೆಚ್ಚು ಕೆಡುವುದು ಹೆಡ್ಡಿನ ಬಿಗಿ. ಮಳೆಗಾಲದಲ್ಲಿ ಉಬ್ಬಿದ ಮರ ಫೆಬ್ರವರಿ ಬಿಸಿಲಿಗೆ ಕುಗ್ಗುತ್ತದೆ, ಬೀಸಿದಾಗ ಟಿಕ್ ಟಿಕ್ ಶಬ್ದ ಬರುತ್ತದೆ. ಗುದ್ದಲಿ ಕಾವು ಸಡಿಲವಾದರೆ ನೀರಲ್ಲಿ ನೆನೆಹಾಕುವುದು ನಮ್ಮ ಕಡೆಯ ರೂಢಿ. ಗಾಲ್ಫ್ ಸ್ಟಿಕ್ಕಿಗೆ ಅದೇ ವಿಷ. ಎರಡು ದಿನ ಬಿಗಿಯಾಗಿ, ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ, ಒಳಗಿನ ಪಿನ್ನು ತುಕ್ಕು ಹಿಡಿದು ಮರವನ್ನೂ ಕೊಳೆಸುತ್ತದೆ. ಸರಿಯಾದ ಕ್ರಮ ಹೀಗೆ: ಕೊಳವೆಗೆ ಅಡ್ಡಲಾಗಿ ಕೂತ ಪಿನ್ನನ್ನು ಹುಡುಕಿ, ಸಣ್ಣ ಪಂಚ್ ಇಟ್ಟು ಆಚೆಗೆ ತಳ್ಳಿ. ಕಾವು ಎಳೆದು ತೆಗೆದು, ಹಳೇ ಅಂಟನ್ನು ಕೆರೆದು, ಒಣಗಿಸಿ. ಅರಾಲ್ಡೈಟ್ ಥರದ ನಿಧಾನ ಗಟ್ಟಿಯಾಗುವ ಎಪಾಕ್ಸಿ ಹಚ್ಚಿ, ಹಳೇ ಪಿನ್ನಿನ ತೂತುಗಳು ಒಂದೇ ಗೆರೆಗೆ ಬರುವಂತೆ ಕೂರಿಸಿ, ಹೊಸ ಪಿನ್ ಹೊಡೆಯಿರಿ. 24 ಗಂಟೆ ಮುಟ್ಟಬೇಡಿ. ಬೇಗ ಕಳಚಲಿ ಅಂತ ಹೆಡ್ಡನ್ನು ಬೆಂಕಿಗೆ ಹಿಡಿದರೆ ಒಳಗಿನ ಮರ ಸುಟ್ಟು ಕಾವೇ ಹೋಗುತ್ತದೆ.

ದೂರದ ಏಟಿಗೆ ಬಳಸುವ ಡ್ರೈವರ್, ಬ್ರಾಸಿ ಎಂಬ ಸ್ಟಿಕ್ಕುಗಳ ಹೆಡ್ಡು ಬಹುಮಟ್ಟಿಗೆ ಪರ್ಸಿಮನ್ ಮರದ್ದು. ಬೀಡಿ ಎಲೆ ಕೊಡುವ ನಮ್ಮ ತೂಬರೆಯ ಕುಲವೇ ಅದು. ಕುತ್ತಿಗೆಗೆ ಸುತ್ತಿದ ಕಪ್ಪು ದಾರ ಬಿಚ್ಚಿದ್ದರೆ, ಚಪ್ಪಲಿ ಹೊಲಿಯುವವರ ಮೇಣ ಸವರಿದ ದಾರ ಚೆನ್ನಾಗಿ ಹೊಂದುತ್ತದೆ. ಸುತ್ತು ಸುತ್ತಿಗೂ ಎಳೆದು ಬಿಗಿ ಮಾಡುತ್ತಾ ಹೋಗಿ, ಕೊನೆಯ ಎಂಟು ಹತ್ತು ಸುತ್ತಿನ ಕೆಳಗೆ ಒಂದು ಕುಣಿಕೆ ಇಟ್ಟು ತುದಿಯನ್ನು ಒಳಗೆಳೆಯಿರಿ, ಗಂಟು ಕಾಣುವುದಿಲ್ಲ. ಕಾವಿಗೆ ಅಂಗಡಿಯಲ್ಲಿ ಸಿಗುವ, ಬೇಗ ಒಣಗುವ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ ಕಾಲು ಗಂಟೆಗೆ ಒರೆಸಿಬಿಡಿ. ಆ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ. ಚರ್ಮದ ಗ್ರಿಪ್ಪಿಗೆ ಕೊಬ್ಬರಿ ಎಣ್ಣೆ ಬೇಡ. ಕೈ ಜಾರುತ್ತದೆ, ಜುಲೈ ಬಂದರೆ ಬೂಷ್ಟು ಬರುತ್ತದೆ.

ಇನ್ನು ಆಟ. ಹಿಕರಿ ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ. ಮೇಲಿನಿಂದ ಗಬಕ್ಕನೆ ಎಳೆದರೆ ಹೆಡ್ಡು ಹಿಂದೆ ಉಳಿದು ಬಾಲು ಬಲಕ್ಕೆ ಓಡುತ್ತದೆ. ಮೇಲೆ ಒಂದು ಕ್ಷಣ ನಿಂತು ಕೆಳಗೆ ಬನ್ನಿ. ಮೆತ್ತನೆ, ಕಡಿಮೆ ಕಂಪ್ರೆಷನ್ನಿನ ಬಾಲೇ ಆಗಬೇಕು. ಅಭ್ಯಾಸಕ್ಕೆ ಕೊಡುವ ರೇಂಜ್ ಬಾಲಿನ ಗಟ್ಟಿಗೆ ಪರ್ಸಿಮನ್ ಮುಖ ಕುಳಿ ಬೀಳುತ್ತದೆ. ಕಬ್ಬಿಣದ ಹೆಡ್ಡಿನ ಹಳೇ ಸ್ಟಿಕ್ಕುಗಳಲ್ಲಿ ಮ್ಯಾಶಿ ಈಗಿನ ಐದನೇ ನಂಬರಿನ ಐರನ್ ಸ್ಟಿಕ್ಕಿನ ಹತ್ತಿರ, ನಿಬ್ಲಿಕ್ ಒಂಬತ್ತರ ಹತ್ತಿರ. ಮಿಡ್ ಐರನ್, ಮ್ಯಾಶಿ, ನಿಬ್ಲಿಕ್, ಒಂದು ಬ್ರಾಸಿ, ಬಾಲನ್ನು ಕುಳಿಗೆ ಉರುಳಿಸುವ ಒಂದು ಪಟರ್, ಐದೇ ಸಾಕು.

ಆದರೆ ಸ್ಟಿಕ್ಕು ಹಳೆಯದಾಗಿ ಮೈದಾನ ಹೊಸದಾದರೆ ಆಟ ಕೂಡುವುದಿಲ್ಲ. ಈ ಸ್ಟಿಕ್ಕುಗಳ ಆಟ ಹೆಚ್ಚಾಗಿ ನೆಲದ ಮೇಲೆ ಓಡುವ ಆಟ. ಗ್ರೀನಿನ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ) ಮುಂದೆ ಬಂಕರ್, ಅಂದರೆ ಮರಳಿನ ಗುಂಡಿ, ಅಡ್ಡ ಇದ್ದರೆ, ದಿನಾ ನೀರು ಬಿಟ್ಟು ನೆಲ ಮೆತ್ತಗಾಗಿದ್ದರೆ ಬಾಲು ಉರುಳುವುದಾದರೂ ಎಲ್ಲಿ? ಸ್ಕಾಟ್‌ಲೆಂಡಿನ ಮಸಲ್‌ಬರ್ಗ್‌ನಲ್ಲಿ ಕುದುರೆ ರೇಸಿನ ಮೈದಾನದ ನಡುವಿನ ಒಂಬತ್ತು ಕುಳಿಯ ಹಳೇ ಕೋರ್ಸಿನಲ್ಲಿ ಹಿಕರಿ ಸ್ಟಿಕ್ಕು ಬಾಡಿಗೆಗೆ ಸಿಗುತ್ತದೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 1884ರ ಓಕ್‌ಹರ್ಸ್ಟ್ ಕೋರ್ಸನ್ನು 1994ರಲ್ಲಿ ಮತ್ತೆ ತೆರೆದಾಗ ಹುಲ್ಲು ಮೇಯಲು ಕುರಿ ಬಿಟ್ಟಿದ್ದರು, ಮರಳಿನ ಟೀ, ಅಂದರೆ ಸಣ್ಣ ಗುಪ್ಪೆಯ ಮೇಲೆ ಬಾಲಿಟ್ಟು ಆಡಿಸುತ್ತಿದ್ದರು. 2016ರ ಪ್ರವಾಹ ಅದನ್ನು ಹಾಳುಗೆಡವಿತು ಅನ್ನುವುದು ನೋವಿನ ವಿಷಯ.

ಮಲೆನಾಡಿನಲ್ಲಿ ಹಳೇ ಕೋರ್ಸು ಸರಿಪಡಿಸಲು ಹೊರಟವರಿಗೆ ನನ್ನ ಕೋರಿಕೆ ಇಷ್ಟೇ. ಉದ್ದ ಹೆಚ್ಚಿಸಬೇಡಿ. ಗ್ರೀನಿನ ಬಾಯಿ, ಅಂದರೆ ಅದರ ಮುಂಭಾಗ, ತೆರೆದಿಡಿ. ಡಿಸೆಂಬರಿನಿಂದ ಮಾರ್ಚಿನವರೆಗೆ ನೆಲ ಒಣಗಿ ಗಟ್ಟಿಯಾಗುವ ಕಾಲವಿದೆಯಲ್ಲ, ಆಗ ಸ್ಪ್ರಿಂಕ್ಲರ್ ನೀರನ್ನು ಮಿತವಾಗಿ ಬಿಡಿ, ಹಿಕರಿ ಆಟವನ್ನು ಆ ತಿಂಗಳುಗಳಿಗೇ ಇಟ್ಟುಕೊಳ್ಳಿ. ಮೊದಲ ಏಟು ಹೊಡೆಯುವ ಪ್ರತಿ ಜಾಗದ ಹತ್ತಿರ ಒಂದು ಡಬ್ಬಿ ಮರಳು, ಒಂದು ಚೊಂಬು ನೀರು ಇಡಿ. ಮೂರು ಬೆರಳಲ್ಲಿ ಒದ್ದೆ ಮರಳು ಹಿಡಿದು, ಒಂದಿಂಚು ಎತ್ತರದ ಗುಪ್ಪೆ ಮಾಡಿ, ನೆತ್ತಿಯನ್ನು ಹೆಬ್ಬೆರಳಲ್ಲಿ ತುಸು ಒತ್ತಿದರೆ ಬಾಲು ಅಲ್ಲಾಡದೆ ಕೂರುತ್ತದೆ.